‘ಸ್ಕಿಪ್’ ಒತ್ತುವ ಮುನ್ನ

ಪ್ರಶ್ನೆ: ಹಳೇ ಲ್ಯಾಪ್‌ಟಾಪಿನಲ್ಲಿದ್ದ ಫೋಟೋ, ಪತ್ರ, ಲೆಕ್ಕದ ಹಾಳೆ ಎಲ್ಲವನ್ನೂ ಹೊಸ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದೇನೆ. ವಿಂಡೋಸ್ ಅರ್ಧದಲ್ಲೇ ನಿಂತು ‘ಡೆಸ್ಟಿನೇಷನ್ ಪಾತ್ ಟೂ ಲಾಂಗ್’ ಅನ್ನುತ್ತದೆ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದೆ. ಇಷ್ಟು ವರ್ಷ ಅದೇ ಹೆಸರಲ್ಲಿ ಸುಮ್ನೆ ಕೂತಿದ್ದ ಫೈಲಿಗೆ ಈಗೇನಾಯಿತು? ‘ಸ್ಕಿಪ್’ ಒತ್ತಿ ಮುಂದೆ ಹೋಗಬಹುದಾ?

ಉತ್ತರ: ದಯವಿಟ್ಟು ಒತ್ತಬೇಡಿ. ನಾನು ಒತ್ತಿ ಕೆಟ್ಟವನು.

ಅಮ್ಮನ ಹಳೇ ಪತ್ರಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದೆ. ಪ್ರತಿ ಪತ್ರದ ಮೊದಲ ಸಾಲೇ ಫೈಲಿನ ಹೆಸರು. ‘ಮಳೆ ನಿಂತ ಮೇಲೆ ಹೊರಡು ಅಂದಿದ್ದೆ, ನೀನು ಕೇಳಲಿಲ್ಲ’ ಅನ್ನುವುದೂ ಒಂದು ಫೈಲೇ! ಡಿಸ್ಕ್ ಬದಲಿಸುವಾಗ ನಿಮಗೆ ಬಂದ ಸಂದೇಶವೇ ಬಂತು. ‘ಎಲ್ಲದಕ್ಕೂ ಹೀಗೇ ಮಾಡು’ ಅನ್ನುವ ಚೌಕಕ್ಕೆ ಟಿಕ್ ಹಾಕಿ, ಸ್ಕಿಪ್ ಒತ್ತಿ ಎದ್ದು ಹೋದೆ. ಮಾರನೇ ದಿನ ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ. ಆಮೇಲೆ ಎಣಿಸಿದರೆ 17 ಪತ್ರ ಇಲ್ಲ. ಕಾಗದಗಳು ಅಷ್ಟರಲ್ಲಿ ಗೆದ್ದಲ ಪಾಲಾಗಿದ್ದವು.

ತಪ್ಪು ಫೈಲಿನದಲ್ಲ, ಅದರ ವಿಳಾಸದ್ದು. ಡ್ರೈವಿನ ಅಕ್ಷರದಿಂದ ಹಿಡಿದು ಫೋಲ್ಡರು, ಅದರೊಳಗಿನ ಫೋಲ್ಡರು, ನಡುವಿನ ಓರೆಗೆರೆಗಳು, ಕೊನೆಗೆ ಫೈಲಿನ ಹೆಸರು, ಎಲ್ಲ ಸೇರಿದ್ದೇ ಪಾತ್. ವಿಂಡೋಸಿನ ಹಳೇ ಕಟ್ಟಳೆಯಂತೆ ಅದಕ್ಕೆ 260 ಸ್ಥಾನ ಮಾತ್ರ. ಅದರಲ್ಲೂ ಒಂದು ಸ್ಥಾನ ‘ಇಲ್ಲಿಗೆ ಮುಗಿಯಿತು’ ಅಂತ ಹೇಳುವ ಕಣ್ಣಿಗೆ ಕಾಣದ ಗುರುತಿಗೆ ಹೋಗುತ್ತದೆ. ನಮಗೆ ಸಿಗುವುದು 259. ಹಳೇ ಜಾಗದಲ್ಲಿ 240 ಇದ್ದ ವಿಳಾಸವನ್ನು ಹೊಸ ಡಿಸ್ಕಿನಲ್ಲಿ 25 ಸ್ಥಾನದ ಹೆಸರಿರುವ ಬ್ಯಾಕಪ್ ಫೋಲ್ಡರಿನೊಳಗೆ ಇಳಿಸಿದರೆ ಮಿತಿ ದಾಟಿತು, ಅಲ್ವಾ?

ಇದರಲ್ಲಿ ತಮಾಷೆ ಏನೆಂದರೆ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆ ಸುಮಾರು 32,767 ಸ್ಥಾನದ ವಿಳಾಸವನ್ನೂ ತಾಳಿಕೊಳ್ಳುತ್ತದೆ. ತಡೆಯುವುದು ಫೈಲ್ ಎಕ್ಸ್‌ಪ್ಲೋರರಿನಂಥ (ನಾವು ಫೋಲ್ಡರು ತೆರೆದು ನೋಡುವ ಕಿಟಕಿ) ಪ್ರೋಗ್ರಾಮುಗಳು. 2016ರಲ್ಲಿ ವಿಂಡೋಸ್ 10ಕ್ಕೆ ಈ ಮಿತಿ ಸಡಿಲಿಸುವ ಸೆಟ್ಟಿಂಗ್ ಬಂತು. ಆದರೆ ಪ್ರೋಗ್ರಾಮೂ ಅದಕ್ಕೆ ತಯಾರಾಗಿರಬೇಕು. ಎಕ್ಸ್‌ಪ್ಲೋರರಿನಲ್ಲೇ ಎಳೆದು ಹಾಕುವವರಿಗೆ ಆ ಸೆಟ್ಟಿಂಗಿನಿಂದ ಪ್ರಯೋಜನವಿಲ್ಲ ಅಂತಲೇ ಇಟ್ಟುಕೊಳ್ಳಿ.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಲೆಕ್ಕ. ‘ಲಕ್ಷ್ಮಿ’ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಏಳು: ಲ, ಕ, ಅರ್ಧಾಕ್ಷರದ ಗುರುತು, ಷ, ಮತ್ತೆ ಅದೇ ಗುರುತು, ಮ, ಗುಡಿಸು. ಹಾಗಂತ ಇಂಗ್ಲಿಷಿಗೆ ಓಡಬೇಕಿಲ್ಲ, ಅಲ್ಲೂ ಆ ಹೆಸರಿಗೆ ಏಳು ಅಕ್ಷರವೇ ಬೇಕು. ವಿಂಡೋಸಿನ ಬದಲು ಕೆಲವರು ಬಳಸುವ ಲಿನಕ್ಸಿನಲ್ಲಿ ಮಾತ್ರ ನಮಗೆ ಜಾಸ್ತಿ ಬಿಗಿ. ಅಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್, ಕನ್ನಡದ ಪ್ರತಿ ಗುರುತಿಗೆ ಮೂರು ಬೈಟ್. 85 ಗುರುತಿಗೆ ಮುಗಿಯಿತು.

ಈಗ ಕೆಲಸಕ್ಕೆ ಬರೋಣ. ಒಂದೊಂದೇ ಫೈಲಿನ ಹೆಸರು ಕತ್ತರಿಸುತ್ತ ಕೂರಬೇಡಿ. ಮೇಲಿನ ಫೋಲ್ಡರಿನ ಹೆಸರು ಕುಗ್ಗಿಸಿ. ‘ಹಳೇ ಲ್ಯಾಪ್‌ಟಾಪ್ ಪೂರ್ತಿ ಬ್ಯಾಕಪ್’ ಅನ್ನುವುದನ್ನು ಬರೀ ‘ಹಳೇದು’ ಮಾಡಿದರೆ ಒಳಗಿರುವ ಸಾವಿರ ಫೈಲಿನ ವಿಳಾಸವೂ ಒಂದೇ ಏಟಿಗೆ ಇಳಿಯುತ್ತದೆ. ತೀರಾ ಆಳದಲ್ಲಿರುವ ಫೋಲ್ಡರನ್ನು ಅದೇ ಡ್ರೈವಿನ ಬಾಗಿಲಿಗೆ, ಅಂದರೆ ಯಾವ ಫೋಲ್ಡರಿನ ಒಳಗೂ ಅಲ್ಲದ ಜಾಗಕ್ಕೆ ತಂದು, ಅಲ್ಲಿಂದ ನಕಲು ಮಾಡಿ.

ಹೆಸರು ಬದಲಿಸಲು ಮನಸ್ಸಿಲ್ಲದಿದ್ದರೆ ವಿಂಡೋಸಿನಲ್ಲೇ ಇರುವ, ಫೈಲು ನಕಲು ಮಾಡುವ ರೋಬೋಕಾಪಿ ಬಳಸಿ. ಅದು ಉದ್ದದ ವಿಳಾಸಕ್ಕೆ ಹೆದರುವುದಿಲ್ಲ. ಕಮಾಂಡ್ ಪ್ರಾಂಪ್ಟ್, ಅಂದರೆ ಆಜ್ಞೆಗಳನ್ನು ಟೈಪಿಸುವ ಕಿಟಕಿ, ತೆರೆದು ಇಂಗ್ಲಿಷಿನಲ್ಲಿ ರೋಬೋಕಾಪಿ (robocopy) ಅಂತ ಟೈಪಿಸಿ, ಸ್ಪೇಸ್ ಬಿಟ್ಟು, ಹಳೇ ಫೋಲ್ಡರನ್ನು ಮೌಸಿನಿಂದ ಎಳೆದು ಆ ಕಿಟಕಿಯೊಳಗೆ ಬಿಡಿ. ವಿಳಾಸ ತಾನೇ ಬಂದು ಕೂರುತ್ತದೆ. ಮತ್ತೆ ಸ್ಪೇಸ್, ಹೊಸ ಫೋಲ್ಡರ್, ಸ್ಪೇಸ್, ಕೊನೆಗೆ ಸ್ಲ್ಯಾಷ್ ಇ (/E) ಹಾಕಿ ಎಂಟರ್ ಒತ್ತಿ. ಒಳಗಿನ ಫೋಲ್ಡರುಗಳೂ ಬರಲಿ ಅನ್ನುವುದಕ್ಕೆ ಆ ‘ಇ’. ಅದರ ಬದಲು ಸ್ಲ್ಯಾಷ್ ಎಂಐಆರ್ (/MIR) ಅಂತ ಬರೆಯಿರಿ ಅನ್ನುವವರೂ ಸಿಗುತ್ತಾರೆ. ಆ ಗೊಡವೆ ಬೇಡ. ಹಳೇ ಕಡೆ ಇಲ್ಲದ ಫೈಲು ಹೊಸ ಕಡೆ ಇದ್ದರೆ ಅದು ಕೇಳದೇ ಅಳಿಸಿಬಿಡುತ್ತದೆ.

ಏನೇ ಮಾಡಿ, ಹೊಸ ಡಿಸ್ಕಿಗೆ ಹಾಕುವಾಗ ಕಟ್ ಮಾಡಬೇಡಿ, ಕಾಪಿ ಮಾಡಿ. ಎರಡೂ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ತಾಳೆ ನೋಡಿ. ಸರಿ ಬರುವ ತನಕ ಹಳೇ ಲ್ಯಾಪ್‌ಟಾಪಿನ ತಂಟೆಗೆ ಹೋಗಬೇಡಿ.

ಪ್ರಶ್ನೆ: ಝಿಪ್ ಫೈಲ್ ಬಿಚ್ಚುವಾಗಲೂ ಇದೇ ದೂರು ಬರುತ್ತದೆ. ಅದಕ್ಕೂ ಇದೇ ಮದ್ದಾ?

ಉತ್ತರ: ಅದೇ ಮದ್ದು. ಝಿಪ್ ಬಿಚ್ಚಿದಾಗ ಅದರ ಹೆಸರಿನದೇ ಒಂದು ಫೋಲ್ಡರ್ ಆಗುತ್ತದೆ. ಎಷ್ಟೋ ಸಲ ಅದರೊಳಗೆ ಅದೇ ಹೆಸರಿನ ಇನ್ನೊಂದು ಇರುತ್ತದೆ. ಝಿಪ್ಪಿನ ಹೆಸರನ್ನು ಒಂದಕ್ಷರಕ್ಕೆ ಇಳಿಸಿ, ಡ್ರೈವಿನ ಬಾಗಿಲಲ್ಲೇ ಬಿಚ್ಚಿ.