‘ನೀನೇನು ದೀಪಿಕಾನಾ?’ ಅಂದೆ, ಮಗಳು ಮಾತು ಬಿಟ್ಟಳು

ಪ್ರಶ್ನೆ: ನಾವು ತಿಪಟೂರು ಕಡೆಯ ತೆಂಗಿನ ತೋಟದವರು. ಒಬ್ಬಳೇ ಮಗಳು, 27 ವರ್ಷ, ಬೆಂಗಳೂರಿನಲ್ಲಿ ಕೆಲಸ. ಮಾಘದಲ್ಲಿ ಮದುವೆ. ಊರಿನ ಛತ್ರ ಬೇಡವಂತೆ, ರೆಸಾರ್ಟೇ ಆಗಬೇಕಂತೆ. ಹಳದಿ, ಸಂಗೀತ್, ಡ್ರೋನ್, ಧಾರೆಗೆ ಸೀರೆ ಬದಲು ತಿಳಿ ಗುಲಾಬಿ ಲೆಹೆಂಗಾ. ಯಾವ ನಟಿ ತನ್ನ ಮದುವೆಗೆ ಏನು ಹಾಕಿದ್ದಳು ಅಂತ ಫೋನಿನಲ್ಲಿ ತೋರಿಸುತ್ತಾಳೆ. ನಮ್ಮ ಕೈಯಲ್ಲಿರುವುದು 12 ಲಕ್ಷ, ಅವಳ ಲೆಕ್ಕ 20 ದಾಟುತ್ತೆ. ನಮ್ಮವರು ‘ಒಬ್ಬಳೇ ಮಗಳು, ಆಗ್ಲಿ ಬಿಡು’ ಅಂತ ನನ್ನ ಒಡವೆ ಅಡ ಇಡಲು ಹೊರಟಿದ್ದಾರೆ. ಅವಳಿಗೆ ಹೇಳಬೇಡ ಅಂತಲೂ ಅಂದಿದ್ದಾರೆ. ಊರಲ್ಲೇ 1,500 ಜನಕ್ಕೆ ಊಟ ಹಾಕಿ ಮಾಡೋಣ ಅಂದರೆ ಒಪ್ಪಲ್ಲ. ಸಿಟ್ಟಿನಲ್ಲಿ ‘ನೀನೇನು ದೀಪಿಕಾನಾ?’ ಅಂದುಬಿಟ್ಟೆ. ಎಂಟು ದಿನದಿಂದ ಫೋನ್ ಎತ್ತಿಲ್ಲ. ಏನು ಮಾಡಲಿ?

ಉತ್ತರ: ಅಕ್ಕಾ, ಬೈಯೋಕೆ ನೀವು ಆರಿಸಿಕೊಂಡ ಹೆಸರೇ ತಪ್ಪಾಯಿತು ನೋಡಿ.

ದೀಪಿಕಾ ಪಡುಕೋಣೆ ಮದುವೆ ನಡೆದದ್ದು 2018ರ ನವೆಂಬರ್‌ನಲ್ಲಿ, ಇಟಲಿಯ ಕೋಮೋ ಸರೋವರದ ದಡದಲ್ಲಿ. ಮೊದಲ ದಿನ ಹೆಣ್ಣಿನ ಕಡೆಯ ಕೊಂಕಣಿ ಶಾಸ್ತ್ರ. ಅಷ್ಟು ದೂರ ಹೋಗಿ, ಅಷ್ಟು ಖರ್ಚು ಮಾಡಿ, ಆವತ್ತು ಆಕೆ ಉಟ್ಟದ್ದು ಸೀರೆ. ಯಾವುದೋ ದೊಡ್ಡ ಡಿಸೈನರ್ ಮಾಡಿಸಿದ್ದು ಅಂತ ಮೊದಲು ಸುದ್ದಿಯಾಯಿತು. ಆಮೇಲೆ ಗೊತ್ತಾಯಿತು, ಅದು ಬೆಂಗಳೂರಿನ ‘ಅಂಗಡಿ ಗ್ಯಾಲರಿಯಾ’ ಅನ್ನುವ ಸೀರೆ ಮಳಿಗೆಯಲ್ಲಿ ಅವರಮ್ಮ ಕೊಂಡದ್ದು ಅಂತ. ಕೆಂಪು ಲೆಹೆಂಗಾ ಹಾಕಿದ್ದು ಮರುದಿನ, ಗಂಡಿನ ಕಡೆಯ ಪದ್ಧತಿಗೆ. ನಿಮ್ಮ ಮಗಳ ಫೋನಿನಲ್ಲಿ ಈ ಎರಡೂ ಫೋಟೊ ಇದ್ದೇ ಇರುತ್ತವೆ. ಸೀರೆಯದ್ದನ್ನು ನೀವೂ ಒಂದು ಸಲ ನೋಡಿ.

ತಿಳಿ ಗುಲಾಬಿ ಬಂದದ್ದು ಇನ್ನೊಂದು ಮದುವೆಯಿಂದ. 2017ರ ಡಿಸೆಂಬರ್‌ನಲ್ಲಿ ಅನುಷ್ಕಾ ಶರ್ಮಾ ವಿರಾಟ್ ಕೊಹ್ಲಿಯನ್ನು ಮದುವೆಯಾದಾಗ ಆ ಬಣ್ಣ ಹಾಕಿದ್ದರು. ಆಮೇಲೆ ಅದರ ನಕಲು ಚಿಕ್ಕಪೇಟೆಯ ಗಲ್ಲಿಗೂ ಬಂತು. ಅಲ್ಲಿಯವರೆಗೆ ಮದುಮಗಳು ಅಂದರೆ ಹೆಚ್ಚಾಗಿ ಗಾಢ ಬಣ್ಣವೇ. ಒಂದು ಮದುವೆಯ ಫೋಟೊ ಎಷ್ಟು ಮನೆಗಳ ಬಣ್ಣ ಬದಲಿಸಿತು ನೋಡಿ.

ಹಾಗಂತ ಇದು ಈಗಿನ ಹುಡುಗಿಯರ ಹುಚ್ಚು ಅನ್ನಬೇಡಿ. ‘ಹಮ್ ಆಪ್ಕೆ ಹೈ ಕೌನ್’ ಅನ್ನುವ ಹಿಂದಿ ಸಿನಿಮಾ ಬಂದದ್ದು 1994ರಲ್ಲಿ. ಮರುವರ್ಷ ನಮ್ಮಕ್ಕನ ಮದುವೆಯಲ್ಲಿ ನಾವು ಹುಡುಗಿಯರೆಲ್ಲ ಸೇರಿ, ಅದರಲ್ಲಿದ್ದ ಹಾಗೇ, ಭಾವನ ಚಪ್ಪಲಿ ಬಚ್ಚಿಟ್ಟು 500 ರೂಪಾಯಿ ಕೇಳಿದ್ದೆವು. ಅದು ಉತ್ತರದ ಕಡೆಯ ಆಟ ಅಂತ ನಮಗೇನು ಗೊತ್ತು! ತಾತ ಚಪ್ಪರದ ಕಂಬಕ್ಕೆ ಒರಗಿಕೊಂಡು ‘ಇದ್ಯಾವ ಶಾಸ್ತ್ರಾನೇ?’ ಅಂತ ಕೇಳಿದ್ದರು. ಪಾಪ, ಬೀಗರು ತಪ್ಪು ತಿಳಿದಾರು ಅಂತ ಅವರಿಗೆ ಹೆದರಿಕೆ. ನಿಮ್ಮ ಮದುವೆಯೂ ಹೆಚ್ಚುಕಡಿಮೆ ಅದೇ ಕಾಲದ್ದು. ಹಳೇ ಆಲ್ಬಮ್ ತೆಗೆದು ನಿಮ್ಮ ರವಿಕೆಯ ತೋಳು ನೋಡಿಕೊಳ್ಳಿ. ಯಾವ ನಟಿಯದ್ದು ಅಂತ ನೆನಪಾಗಬಹುದು.

ಹಳದಿ ಅಂದರೆ ನಮ್ಮ ಅರಿಶಿನದ ಶಾಸ್ತ್ರವೇ. ನಾವು ಹಾಳಾದರೂ ಪರವಾಗಿಲ್ಲ ಅನ್ನುವ ಹಳೇ ಸೀರೆ ಉಡಿಸಿ ಕೂರಿಸುತ್ತಿದ್ದೆವು, ಈಗ ಅದಕ್ಕೆಂದೇ ಹೊಸ ಹಳದಿ ಬಟ್ಟೆ. ಇದಕ್ಕೆಲ್ಲ ಜಗಳ ಬೇಡ, ಬಿಟ್ಟುಬಿಡಿ.

ನನಗೆ ಚಿಂತೆಯಾದದ್ದು ನಿಮ್ಮ ಕಾಗದದ ಇನ್ನೊಂದು ಸಾಲು. ಒಡವೆ ಅಡ ಇಡುವ ಮಾತು, ಅದನ್ನು ಮಗಳಿಂದ ಮುಚ್ಚಿಡುವ ಮಾತು. 27 ವರ್ಷದ, ದುಡಿಯುವ ಹುಡುಗಿಗೆ ಮನೆಯ ಲೆಕ್ಕ ಯಾಕೆ ಗೊತ್ತಾಗಬಾರದು? ನಟಿಯ ಖರ್ಚು ಎಲ್ಲಿಂದ ಬಂತು ಅಂತ ಅವಳಿಗೆ ಗೊತ್ತಿಲ್ಲ, ಸರಿ. ಅಪ್ಪನದ್ದು ಎಲ್ಲಿಂದ ಬರುತ್ತೆ ಅಂತಲೂ ಗೊತ್ತಿಲ್ಲ. ಮದುವೆಯಾಗಿ ವರ್ಷದ ಮೇಲೆ ಯಾರೋ ನೆಂಟರ ಬಾಯಲ್ಲಿ ‘ನಿಮ್ಮಮ್ಮನ ಸರ ಬ್ಯಾಂಕಿನಲ್ಲಿದೆಯಂತೆ’ ಅಂತ ಕೇಳಿದರೆ ಅವಳಿಗೆ ಹೇಗಾಗಬೇಡ? ಆಗ ಡ್ರೋನ್ ವಿಡಿಯೊ ಹಾಕಿಕೊಂಡು ನೋಡುವ ಮನಸ್ಸೂ ಇರಲ್ಲ.

ಅವಳು ಊರಿಗೆ ಬಂದ ದಿನ ಅಟ್ಟಕ್ಕೆ ಕರೆದುಕೊಂಡು ಹೋಗಿ. ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಾಳೆ. ಅಷ್ಟೂ ಇಳಿಸಿ ಮಾರಿದರೆ ಎಷ್ಟು ಬರುತ್ತೆ, ಆಳಿನ ಕೂಲಿ ಕಳೆದು ಎಷ್ಟು ಉಳಿಯುತ್ತೆ ಅಂತ ಅಪ್ಪನೇ ಬಾಯಿಬಿಟ್ಟು ಹೇಳಲಿ. ‘ಇದಿಷ್ಟು ನಮ್ಮದು. ಇದರಲ್ಲಿ ನಿನಗೆ ಏನೇನು ಬೇಕೋ ಆರಿಸಿಕೋ. ಮೇಲಿನದ್ದು ನೀವಿಬ್ಬರೂ ಸೇರಿ ಹಾಕ್ತೀರೋ, ಬಿಡ್ತೀರೋ ನೋಡಿ’ ಅನ್ನಲಿ. ಇದು ಮೂದಲಿಕೆ ಆಗಬಾರದು, ಹುಷಾರು. ಅಳುವುದೂ ಬೇಡ.

ಅದೇ ದಿನ ನಿಮ್ಮ ಪಟ್ಟಿಯನ್ನೂ ಮುಂದಿಡಿ. ಬೇಜಾರು ಮಾಡಿಕೊಳ್ಳಬೇಡಿ ಅಕ್ಕಾ, ಎಲೆಗೆ 400 ರೂಪಾಯಿ ಹಿಡಿದರೂ 1,500 ಎಲೆಗೆ 6 ಲಕ್ಷ. ನಿಮ್ಮ ದುಡ್ಡಿನ ಅರ್ಧ ಅಲ್ಲೇ ಹೋಯಿತು. ಮುಯ್ಯಿಯ ಋಣ, ಕರೆದವರನ್ನು ಕರೆಯಲೇಬೇಕು, ಎಲ್ಲ ಒಪ್ಪುತ್ತೇನೆ. ಆದರೆ ಅದರಲ್ಲಿ ‘ಕರೆಯದಿದ್ದರೆ ಏನಂದುಕೊಳ್ಳುತ್ತಾರೋ’ ಅಂತ ಬರೆದ ಹೆಸರೆಷ್ಟು? ಅವಳು ಫೋನಿನ ಜನಕ್ಕೆ ಹೆದರುತ್ತಾಳೆ, ನೀವು ಊರಿನ ಜನಕ್ಕೆ. ನೀವು ನಾನೂರು ಹೆಸರು ಹೊಡೆದರೆ ಅವಳು ಡ್ರೋನ್ ಬಿಟ್ಟಾಳು. ರೆಸಾರ್ಟನ್ನೂ ಬಿಡಬಹುದು, ಖಾತ್ರಿ ಹೇಳಲಾರೆ. ಧಾರೆ ಊರಿನ ಛತ್ರದಲ್ಲಿ, ಲೆಹೆಂಗಾ ಆರತಕ್ಷತೆಗೆ ಅಂತ ನೀವೇ ಮೊದಲು ಹೇಳಿ ನೋಡಿ. ಅವಳಾಗಿ ಕೇಳುವವರೆಗೆ ಕಾಯಬೇಡಿ.

ಅದಕ್ಕೂ ಮೊದಲು ಆ ಬೈಗುಳದ ಮಾತು ಮುಗಿಸಬೇಕಲ್ವಾ? ಫೋನ್ ಎತ್ತದಿದ್ದರೆ ವಾಯ್ಸ್ ಮೆಸೇಜ್ ಹಾಕಿ. ಉದ್ದುದ್ದ ಬೇಡ. ‘ದೀಪಿಕಾಗೂ ಧಾರೆ ಸೀರೆ ಅವರಮ್ಮನೇ ತಂದಿದ್ದಂತೆ ಕಣೇ. ನಾನು ಬೆಂಗಳೂರಿಗೆ ಯಾವತ್ತು ಬರ್ಲಿ?’ ಅಂತ ಕೇಳಿ, ಸುಮ್ನೆ ಇಟ್ಟುಬಿಡಿ.