ಕಾಲೇಜಿನಲ್ಲಿ ಎರಡನೇ ಸೆಮಿಸ್ಟರ್ ಸ್ಪ್ಯಾನಿಷ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲನೆಯದಕ್ಕಿಂತ ಎಷ್ಟು ಕಷ್ಟ? ಹೇಗೆ ಓದಬೇಕು?

ಮೊದಲ ಸೆಮಿಸ್ಟರ್ ಸಲೀಸಾಗಿ ಮುಗಿಯಿತು, ಎರಡನೆಯದು ಏಕಾಏಕಿ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ, ನಿಜವೇ ಎಂದು ಕೇಳಿದ್ದೀರಿ. ನಿಜ. ಮೊದಲ ಸೆಮಿಸ್ಟರಿನಲ್ಲಿ ಹೆಚ್ಚಿನ ಭಾಗ ಪದಗಳು ಮತ್ತು ವರ್ತಮಾನ ಕಾಲ. ಬಾಯಿಪಾಠ ಮಾಡಿದವರು ಪಾರಾಗುತ್ತಾರೆ. ಎರಡನೆಯದರಲ್ಲಿ ಎರಡೆರಡು ಭೂತಕಾಲಗಳು ಬರುತ್ತವೆ, 'ಅದನ್ನು', 'ಅವನಿಗೆ' ಎನ್ನುವ ಪುಟ್ಟ ಸರ್ವನಾಮಗಳು ಬರುತ್ತವೆ, ಆಜ್ಞಾರೂಪ ಬರುತ್ತದೆ. ಇಲ್ಲಿ ಆಯ್ಕೆ ಮಾಡಬೇಕಾಗುತ್ತದೆ, ನೆನಪೊಂದೇ ಸಾಲದು.

ನನ್ನ ಮುಖ್ಯ ಸಲಹೆ ಒಂದೇ: ಪಠ್ಯಪುಸ್ತಕ ಇಂಗ್ಲಿಷಿನಲ್ಲಿದ್ದರೂ ವಾಕ್ಯವನ್ನು ಇಂಗ್ಲಿಷಿನ ಮೂಲಕ ಕಟ್ಟಬೇಡಿ. ಈ ಸೆಮಿಸ್ಟರಿನ ಕಷ್ಟದ ವಿಷಯಗಳಲ್ಲಿ ಅರ್ಧಕ್ಕರ್ಧ ಕನ್ನಡದಲ್ಲಿ ಆಗಲೇ ಇವೆ. ಉಳಿದರ್ಧದಲ್ಲಿ ಕನ್ನಡ ದಾರಿ ತಪ್ಪಿಸುತ್ತದೆ, ಅದು ಎಲ್ಲೆಲ್ಲಿ ಅಂತಲೂ ಕೆಳಗೆ ಹೇಳಿದ್ದೇನೆ. (ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಣೆಯಂತೆ ಬರೆದಿದ್ದೇನೆ. ದೀರ್ಘ ಸ್ವರ ಇದ್ದ ಕಡೆ ಒತ್ತು ಇದೆ ಎಂದು ಓದಿಕೊಳ್ಳಿ. ಕಾಗುಣಿತವನ್ನು ನಿಮ್ಮ ಪುಸ್ತಕದಲ್ಲೇ ನೋಡಿ.)

ತರಗತಿ ಶುರುವಾಗುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಪುಸ್ತಕ ಮುಚ್ಚಿ, 15 ನಿಮಿಷದಲ್ಲಿ ನಿಮ್ಮ ದಿನಚರಿಯ ಬಗ್ಗೆ ಹತ್ತು ವಾಕ್ಯ ಬರೆಯಿರಿ. ಸೇರ್ ಮತ್ತು ಎಸ್ತಾರ್ (ಎರಡೂ 'ಇರು', 'ಆಗಿರು' ಎನ್ನುವ ಕ್ರಿಯಾಪದಗಳು), ಸ್ವರ ಬದಲಾಗುವ ಕ್ರಿಯಾಪದಗಳು, 'ಮಾಡಲಿದ್ದೇನೆ' ಎನ್ನಲು ಬಳಸುವ 'ಬೋಯ್ ಆ', ವಿಶೇಷಣದ ಲಿಂಗ ವಚನ, ಇವಿಷ್ಟು ತಡವರಿಸದೆ ಬಂದರೆ ನೀವು ತಯಾರು. ಬರದಿದ್ದರೆ ಮೊದಲ ವಾರವೇ ಸರಿಮಾಡಿಕೊಳ್ಳಿ. ಹಳೆಯದನ್ನು ಮತ್ತೆ ಕಲಿಸುವಷ್ಟು ಸಮಯ ಸಾಮಾನ್ಯವಾಗಿ ಯಾವ ಶಿಕ್ಷಕರಿಗೂ ಇರುವುದಿಲ್ಲ.

ಎರಡು ಭೂತಕಾಲಗಳು

ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ಪ್ರೆಟೆರಿಟ್ ಎಂದರೆ ಮುಗಿದ ಘಟನೆ, ಇಂಪರ್ಫೆಕ್ಟ್ ಎಂದರೆ ಹಿನ್ನೆಲೆ, ಅಭ್ಯಾಸ, ನಡೆಯುತ್ತಿದ್ದ ಕೆಲಸ ಎಂದು ಪುಸ್ತಕ ಹೇಳುತ್ತದೆ. ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಇದು ಗೊಂದಲ, ಏಕೆಂದರೆ 'ನಿನ್ನೆ ಹಾಲು ಕುಡಿದೆ', 'ಚಿಕ್ಕಂದಿನಲ್ಲಿ ದಿನಾ ಹಾಲು ಕುಡಿಯುತ್ತಿದ್ದೆ' ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ರೂಪ ನಡೆಯುತ್ತದೆ. ಕನ್ನಡದಲ್ಲಿ ಅವು ಬೇರೆ ಬೇರೆ. 'ಕುಡಿದೆ' ಎಂದರೆ ಬೆಬೀ, 'ಕುಡಿಯುತ್ತಿದ್ದೆ' ಎಂದರೆ ಬೆಬೀಅ. 'ಊಟ ಮಾಡುತ್ತಿದ್ದಾಗ ಫೋನ್ ಬಂತು' ಎಂಬಲ್ಲಿ ಮೊದಲನೆಯದು ಇಂಪರ್ಫೆಕ್ಟ್, ಎರಡನೆಯದು ಪ್ರೆಟೆರಿಟ್. ಹಾಗಾಗಿ ಮೊದಲ ಪರೀಕ್ಷೆ: ಕನ್ನಡ ಕ್ರಿಯಾಪದದಲ್ಲಿ 'ಉತ್ತಿದ್ದ' ಇದೆಯೇ ನೋಡಿ.

ಪರೀಕ್ಷೆಯಲ್ಲಿ ತಪ್ಪದೇ ಕೇಳುವ 'ಅರ್ಥ ಬದಲಾಗುವ ಕ್ರಿಯಾಪದಗಳ' ಪಟ್ಟಿ ಇದೆಯಲ್ಲ, ಅದಕ್ಕಂತೂ ಕನ್ನಡ ಹೇಳಿ ಮಾಡಿಸಿದಂತಿದೆ. ಸಬೀಅ 'ಗೊತ್ತಿತ್ತು', ಸೂಪೆ 'ಗೊತ್ತಾಯಿತು'. ಕೊನೊಸೀಅ 'ಪರಿಚಯವಿತ್ತು', ಕೊನೊಸೀ 'ಪರಿಚಯವಾಯಿತು'. ಪೊದೀಅ 'ನನ್ನಿಂದ ಆಗುತ್ತಿತ್ತು', ಪೂದೆ 'ಆಯಿತು'. ನೋ ಕೆರೀಅ 'ಇಷ್ಟವಿರಲಿಲ್ಲ', ನೋ ಕೀಸೆ 'ಒಲ್ಲೆ ಎಂದೆ'. ಇಂಗ್ಲಿಷ್ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಇನ್ನು ಕೈಕೊಡುವ ಕಡೆ. ಒಂದು, ಅವಧಿ ಹೇಳಿದಾಗ. 'ನಿನ್ನೆ ಮೂರು ಗಂಟೆ ಓದುತ್ತಿದ್ದೆ' ಎಂದು ನಾವು ಹೇಳುತ್ತೇವೆ. ಸ್ಪ್ಯಾನಿಷಿನಲ್ಲಿ ಮೂರು ಗಂಟೆ ಎಂದು ಎಣಿಸಿಬಿಟ್ಟರೆ ಅದು ಮುಗಿದ ಕೆಲಸ, ಎಸ್ತುದ್ಯೇ ಎಂದು ಪ್ರೆಟೆರಿಟ್ ಬರಬೇಕು. ಎರಡು, 'ಇದ್ದೆ', 'ಇತ್ತು'. ಇವುಗಳಲ್ಲಿ ಯಾವ ಗುರುತೂ ಇಲ್ಲ. 'ಮನೆ ದೊಡ್ಡದಾಗಿತ್ತು' ಎನ್ನುವುದು ವರ್ಣನೆ, ಏರ ಎಂದು ಇಂಪರ್ಫೆಕ್ಟ್. 'ಎರಡು ವರ್ಷ ಅಲ್ಲಿದ್ದೆ' ಎನ್ನುವುದು ಮುಗಿದ ಅವಧಿ, ಎಸ್ತೂಬೆ. 'ಕಾರ್ಯಕ್ರಮ ಚೆನ್ನಾಗಿತ್ತು' ಎಂದು ಇಡೀ ಕಾರ್ಯಕ್ರಮದ ಬಗ್ಗೆ ತೀರ್ಪು ಕೊಟ್ಟರೆ ಫ್ವೆ. ವಯಸ್ಸು ಮತ್ತು ಗಡಿಯಾರದ ಸಮಯ ಹೇಳುವಾಗ ಸಾಮಾನ್ಯವಾಗಿ ಇಂಪರ್ಫೆಕ್ಟ್: 'ಆಗ ನನಗೆ ಹತ್ತು ವರ್ಷ', 'ಎಂಟು ಗಂಟೆಯಾಗಿತ್ತು'.

ರೂಪಗಳ ವಿಷಯಕ್ಕೆ ಬಂದರೆ ಇಂಪರ್ಫೆಕ್ಟ್ ತೀರಾ ಸುಲಭ. ಇಡೀ ಭಾಷೆಯಲ್ಲಿ ಅನಿಯಮಿತ ಕ್ರಿಯಾಪದ ಮೂರೇ: ಸೇರ್, ಈರ್ ('ಹೋಗು'), ಬೇರ್ ('ನೋಡು'). ಶ್ರಮವೆಲ್ಲ ಪ್ರೆಟೆರಿಟ್‌ಗೇ ಬೇಕು. ಅನಿಯಮಿತಗಳನ್ನು ಒಂದೊಂದಾಗಿ ಕಲಿಯಬೇಡಿ, ಗುಂಪು ಮಾಡಿ. 'ಉ' ಗುಂಪು: ತೂಬೆ, ಎಸ್ತೂಬೆ, ಪೂದೆ, ಪೂಸೆ, ಸೂಪೆ. 'ಇ' ಗುಂಪು: ಈಸೆ, ಕೀಸೆ, ಬೀನೆ. 'ಹ' ಗುಂಪು: ದೀಹೆ, ತ್ರಾಹೆ. ಮೂರಕ್ಕೂ ಪ್ರತ್ಯಯ ಒಂದೇ: ಎ, ಈಸ್ತೆ, ಒ, ಈಮೊಸ್, ಯೇರೊನ್. 'ಹ' ಗುಂಪಿನಲ್ಲಿ ಮಾತ್ರ ಕೊನೆಯದು ಏರೊನ್ ಆಗುತ್ತದೆ, ದಿಹೇರೊನ್ ಎಂಬಂತೆ. ನಿಯಮಿತ ಕ್ರಿಯಾಪದಗಳಲ್ಲಿ 'ನಾನು' ಮತ್ತು 'ಅವನು' ರೂಪಗಳಿಗೆ ಒತ್ತು ಕೊನೆಗೆ ಬಿದ್ದರೆ, ಈ ಗುಂಪುಗಳಲ್ಲಿ ಬೀಳುವುದಿಲ್ಲ. ಆದ್ದರಿಂದ ಇವುಗಳ ಮೇಲೆ ಒತ್ತಿನ ಗೀಟು ಹಾಕಬೇಡಿ.

ಸೇರ್ ಮತ್ತು ಈರ್ ಎರಡಕ್ಕೂ ಪ್ರೆಟೆರಿಟ್ ರೂಪ ಒಂದೇ, ಫುಯಿ, ಫ್ವೆ ಇತ್ಯಾದಿ. ಪುಸ್ತಕದಲ್ಲಿ ಅಚ್ಚಿನ ತಪ್ಪಲ್ಲ.

ಮೊದಲ ಸೆಮಿಸ್ಟರಿನ ಸ್ವರ ಬದಲಾವಣೆಯನ್ನು ಇಲ್ಲಿಗೂ ತರುವುದು ಇನ್ನೊಂದು ಸಾಮಾನ್ಯ ತಪ್ಪು. ಮೇಲಿನ ಗುಂಪುಗಳನ್ನು ಬಿಟ್ಟರೆ, ಆರ್, ಏರ್ ಎಂದು ಮುಗಿಯುವ ಅಂಥ ಕ್ರಿಯಾಪದಗಳು ಪ್ರೆಟೆರಿಟ್‌ನಲ್ಲಿ ಸ್ವರ ಬದಲಿಸುವುದಿಲ್ಲ: 'ಯೋಚಿಸುತ್ತೇನೆ' ಪ್ಯೇನ್ಸೊ, ಆದರೆ 'ಯೋಚಿಸಿದೆ' ಪೆನ್ಸೇ. ಈರ್ ಎಂದು ಮುಗಿಯುವವು ಬದಲಿಸುತ್ತವೆ, ಅದೂ 'ಅವನು', 'ಅವರು' ಎಂಬ ಪ್ರಥಮ ಪುರುಷದಲ್ಲಿ ಮಾತ್ರ: ಪೆದೀ 'ಕೇಳಿದೆ', ಪಿದ್ಯೋ 'ಕೇಳಿದ'. 'ನಾನು' ರೂಪದ ಕಾಗುಣಿತವೂ ಗಮನದಲ್ಲಿರಲಿ. ಬುಸ್ಕಾರ್ ('ಹುಡುಕು') ಎಂಬುದರ ಬುಸ್ಕೇ ರೂಪ ಬರೆಯುವಾಗ 'ಸಿ' ಅಕ್ಷರ ಹೋಗಿ 'ಕ್ಯೂ, ಯು' ಬರುತ್ತದೆ, ಏಕೆಂದರೆ 'ಇ' ಅಕ್ಷರದ ಮುಂದೆ 'ಸಿ' ಇಟ್ಟರೆ ಅದನ್ನು ಸ ಎಂದು ಓದಬೇಕಾಗುತ್ತದೆ. ಯೆಗೇ ('ತಲುಪಿದೆ') ಬರೆಯುವಾಗ 'ಜಿ' ನಂತರ 'ಯು' ಸೇರುವುದಕ್ಕೂ ಇಂಥದೇ ಕಾರಣ.

ಅನ್ನು, ಗೆ

ಸರ್ವನಾಮಗಳ ಅಧ್ಯಾಯದಲ್ಲಿ ನಮ್ಮ ವಿಭಕ್ತಿ ಪ್ರತ್ಯಯಗಳೇ ಉತ್ತರ ಹೇಳುತ್ತವೆ. 'ಅವಳನ್ನು ನೋಡಿದೆ' ಎಂದರೆ ಲ ಬೀ. 'ಅವಳಿಗೆ ಪುಸ್ತಕ ಕೊಟ್ಟೆ' ಎಂದರೆ ಲೆ. ಅನ್ನು ಬಂದರೆ ಲೊ ಅಥವಾ ಲ, ಗೆ ಬಂದರೆ ಲೆ. ಎರಡೂ ಒಟ್ಟಿಗೆ ಬಂದಾಗ ಲೆ ಎಂಬುದು ಸೆ ಆಗುತ್ತದೆ: ಸೆ ಲೊ ದಿ, 'ಅವನಿಗೆ ಅದನ್ನು ಕೊಟ್ಟೆ'. ಕ್ರಮ ನೋಡಿ, ಪದಕ್ಕೆ ಪದ ಕನ್ನಡದ್ದೇ. ಕ್ರಿಯಾಪದ ಪುರುಷ ಪ್ರತ್ಯಯ ತೆಗೆದುಕೊಂಡಿದ್ದರೆ ಸರ್ವನಾಮ ಅದಕ್ಕಿಂತ ಮೊದಲು ಪ್ರತ್ಯೇಕವಾಗಿ ನಿಲ್ಲುತ್ತದೆ. 'ಮಾಡು' ಎಂಬ ಆಜ್ಞೆ ಇದ್ದರೆ ಅದರ ಬಾಲಕ್ಕೆ ಅಂಟಿಕೊಳ್ಳುತ್ತದೆ, 'ಮಾಡಬೇಡ' ಎಂದಾಗ ಮತ್ತೆ ಕ್ರಿಯಾಪದಕ್ಕಿಂತ ಮೊದಲು ಬರುತ್ತದೆ.

ಹೊಂದಾಣಿಕೆಯಾಗದ ನಾಲ್ಕು ಕ್ರಿಯಾಪದಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. 'ಅವನಿಗೆ ಫೋನ್ ಮಾಡಿದೆ', 'ಅವನಿಗೆ ಸಹಾಯ ಮಾಡಿದೆ', 'ಅವನಿಗೋಸ್ಕರ ಕಾದೆ', ಈ ಮೂರಕ್ಕೂ ಪಠ್ಯಪುಸ್ತಕದ ಪ್ರಕಾರ ಲೊ: ಲೊ ಯಾಮೇ, ಲೊ ಅಯುದೇ, ಲೊ ಎಸ್ಪೆರೇ. 'ಅವನನ್ನು ಕೇಳಿದೆ' ಎಂದು ಪ್ರಶ್ನೆ ಕೇಳಿದ್ದಾದರೆ ಲೆ ಪ್ರೆಗುಂತೇ. (ಸ್ಪೇನಿನಲ್ಲಿ ಗಂಡಸಿನ ಬಗ್ಗೆ ಲೊ ಬದಲು ಲೆ ಕೇಳಿಬರುತ್ತದೆ. ಪರೀಕ್ಷೆಗೆ ನಿಮ್ಮ ಪುಸ್ತಕದ ಪದ್ಧತಿಯನ್ನೇ ಹಿಡಿಯಿರಿ.)

ಮನುಷ್ಯರು ಕರ್ಮವಾದಾಗ ಮುಂದೆ 'ಆ' ಹಾಕಬೇಕೆಂಬ ನಿಯಮ ಇಂಗ್ಲಿಷ್ ಮಾತೃಭಾಷೆಯವರಿಗೆ ದೊಡ್ಡ ತಲೆನೋವು. ನಮಗೆ ಆಗಬೇಕಿಲ್ಲ. 'ಪುಸ್ತಕ ನೋಡಿದೆ' ಎನ್ನಬಹುದು, 'ಅಮ್ಮ ನೋಡಿದೆ' ಎನ್ನಲಾಗದು, 'ಅಮ್ಮನನ್ನು' ಎನ್ನಲೇಬೇಕು. ಅಲ್ಲಿ ಬಿಡಲಾಗದ ಆ 'ಅನ್ನು' ಸ್ಪ್ಯಾನಿಷಿನ ಈ 'ಆ'. 'ನನಗೆ ಇಬ್ಬರು ಅಣ್ಣಂದಿರಿದ್ದಾರೆ' ಎಂಬಲ್ಲಿ ಅನ್ನು ಇಲ್ಲ, ಅಲ್ಲಿ ತೆನೇರ್ ('ಹೊಂದಿರು') ನಂತರ 'ಆ' ಕೂಡ ಇಲ್ಲ.

ಗುಸ್ತಾರ್ ಕೂಡ ಹೀಗೇ. ಮೆ ಗೂಸ್ತ ಎಲ್ ಕಫೇ, 'ನನಗೆ ಕಾಫಿ ಇಷ್ಟ'. 'ಆ ಹಾಡುಗಳು ನನಗೆ ಇಷ್ಟವಾದವು' ಎಂದಾಗ ಕ್ರಿಯಾಪದ ಹಾಡುಗಳನ್ನು ಅನುಸರಿಸುತ್ತದಲ್ಲ, ಅಲ್ಲೂ ಗುಸ್ತಾರೊನ್ ಎಂದು ಬಹುವಚನ. ಮೆ ದ್ವೇಲೆ ಲ ಕಬೇಸ, 'ನನಗೆ ತಲೆ ನೋಯುತ್ತಿದೆ'. ನಾವು ಮರೆಯುವುದು ಎಲ್, ಲ ಎಂಬ ಆರ್ಟಿಕಲ್‌ಗಳನ್ನು, ಕನ್ನಡದಲ್ಲಿ ಅವು ಇಲ್ಲವಾದ್ದರಿಂದ. ಹಾಗೆಂದು 'ನನಗೆ' ಎಂದು ಶುರುವಾಗುವ ವಾಕ್ಯವೆಲ್ಲ ಈ ಅಚ್ಚಿನದಲ್ಲ. ಹಸಿವು, ಬಾಯಾರಿಕೆ, ನಿದ್ದೆ, ಚಳಿ, ಭಯಕ್ಕೆ ತೇಂಗೊ ಎಂದು ತೆನೇರ್ ಬರುತ್ತದೆ.

ಚಿಕ್ಕಪುಟ್ಟ ಬಲೆಗಳು

ಸೇರ್, ಎಸ್ತಾರ್ ನಡುವೆ ಅನುಮಾನ ಬಂದರೆ ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ. 'ಡಾಕ್ಟರ್ ಅಲ್ಲ' ಸೇರ್, 'ಮನೆಯಲ್ಲಿ ಇಲ್ಲ' ಎಸ್ತಾರ್. ವಿಶೇಷಣಗಳಿಗೆ ಈ ಉಪಾಯ ಅಷ್ಟು ನಂಬಿಕಸ್ಥವಲ್ಲ, ಅಲ್ಲಿ ಸ್ವಭಾವವೋ ಈಗಿನ ಸ್ಥಿತಿಯೋ ಕೇಳಿಕೊಳ್ಳಿ. ಕಾರ್ಯಕ್ರಮ ಎಲ್ಲಿ ನಡೆಯುತ್ತದೆ ಎನ್ನಲು ಮಾತ್ರ ಸೇರ್.

ಉಸ್ತೇದ್ ನಮ್ಮ 'ನೀವು' ಎಂದು ಮರ್ಯಾದೆಯ ಮಟ್ಟಿಗೆ ಸರಿ, ಆದರೆ ಕ್ರಿಯಾಪದ 'ಅವನು' ರೂಪದ್ದು. ಲಿಂಗಕ್ಕೆ ಅಡ್ಡದಾರಿ ಇಲ್ಲ. ಪದವನ್ನು ಆರ್ಟಿಕಲ್ ಸಮೇತ ಕಲಿಯಿರಿ: ಲ ಮಾನೊ, ಎಲ್ ದೀಅ, ಎಲ್ ಮಾಪ, ಎಲ್ ಪ್ರೊಬ್ಲೇಮ.

ತ, ದ ನಮ್ಮ ನಾಲಿಗೆಗೆ ಸಹಜವಾಗಿ ಬರುತ್ತವೆ. ಕಷ್ಟ ಒತ್ತಿನದು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ, ಸ್ಪ್ಯಾನಿಷಿನಲ್ಲಿ ಆಬ್ಲೊ 'ಮಾತಾಡುತ್ತೇನೆ', ಅಬ್ಲೋ 'ಮಾತಾಡಿದ'. ಸ್ವರ, ಎನ್ ಅಥವಾ ಎಸ್ ಕೊನೆಗಿದ್ದರೆ ಒತ್ತು ಕೊನೆಯಿಂದ ಎರಡನೇ ಉಚ್ಚಾರಾಂಶಕ್ಕೆ, ಬೇರೆ ವ್ಯಂಜನವಿದ್ದರೆ ಕೊನೆಯದಕ್ಕೆ. ಇದನ್ನು ಮೀರಿದಾಗ ಗೀಟು. ಟೈಪ್ ಮಾಡಲು ವಿಂಡೋಸ್‌ನಲ್ಲಿ ಯುಎಸ್ ಇಂಟರ್‌ನ್ಯಾಷನಲ್ ಕೀಲಿಮಣೆ ಹಾಕಿಕೊಳ್ಳಿ, ಫೋನಿನಲ್ಲಾದರೆ ಅಕ್ಷರವನ್ನು ಒತ್ತಿಹಿಡಿಯಿರಿ. ಎನ್ ಮೇಲಿನ ಅಲೆಯನ್ನಂತೂ ಬಿಡಬೇಡಿ: ಆನ್ಯೊ ಎಂದರೆ ವರ್ಷ, ಆನೊ ಎಂದರೆ ಗುದ. ವಯಸ್ಸು ಹೇಳಲು ಹೋಗಿ ಶಿಕ್ಷಕರನ್ನು ನಗಿಸಬೇಕಾಗಿಲ್ಲ.

ಓದುವ ಬಗೆ

ತರಗತಿಯ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಎಂದು ಇಟ್ಟುಕೊಳ್ಳಿ, ಆದರೆ ಹಂಚಿ. ಭಾನುವಾರ ಒಂದೇ ಸಲ ಐದು ಗಂಟೆ ಕೂತರೆ ಪ್ರತ್ಯಯಗಳು ಬುಧವಾರದ ಹೊತ್ತಿಗೆ ಹೋಗಿರುತ್ತವೆ. ದಿನಕ್ಕೆ 20 ನಿಮಿಷ ಕ್ರಿಯಾಪದಗಳನ್ನು ಕೈಯಲ್ಲೇ ಬರೆಯಿರಿ. ಬೊಸೋತ್ರೊಸ್ (ಸ್ಪೇನಿನಲ್ಲಿ ಆಪ್ತರಾದ ಹಲವರಿಗೆ ಹೇಳುವ 'ನೀವು') ರೂಪ ಪರೀಕ್ಷೆಗೆ ಇದೆಯೇ ಎಂದು ಮೊದಲ ದಿನವೇ ಕೇಳಿ. ಇಲ್ಲವೆಂದರೆ ಆರರಲ್ಲಿ ಒಂದು ಭಾಗ ಕೆಲಸ ಉಳಿಯಿತು. 'ಆಂಕಿ' (Anki) ಎಂಬಂಥ ಕಾರ್ಡ್ ಆಪ್ ಬಳಸುವುದಾದರೆ ಒಂಟಿ ಪದ ಹಾಕದೆ ಆರೇಳು ಪದದ ವಾಕ್ಯ ಹಾಕಿ.

ವಾರಕ್ಕೆರಡು ಸಲ ಹೀಗೆ ಮಾಡಿ: ನಿನ್ನೆಯ ದಿನದ ಬಗ್ಗೆ ಕನ್ನಡದಲ್ಲಿ ಎಂಟು ವಾಕ್ಯ ಬರೆದು, ಕ್ರಿಯಾಪದಗಳಿಗೆ ಅಡಿಗೆರೆ ಹಾಕಿ, ಪ್ರತಿಯೊಂದರ ಮೇಲೆ ಪ್ರೆ ಅಥವಾ ಇಂ ಎಂದು ಗುರುತಿಸಿ, ಆಮೇಲೆ ಸ್ಪ್ಯಾನಿಷಿಗೆ ತನ್ನಿ. ಪ್ರಬಂಧ ತಿದ್ದುವಾಗ ಎಲ್ಲವನ್ನೂ ಒಟ್ಟಿಗೆ ನೋಡಬೇಡಿ. ಒಂದು ಸಲ ಪುರುಷ ಪ್ರತ್ಯಯ, ಇನ್ನೊಂದು ಸಲ ಕಾಲ, ಮತ್ತೊಂದು ಸಲ ಲಿಂಗ, ಕೊನೆಗೆ ಗೀಟುಗಳು.

ಯಂತ್ರಾನುವಾದ ಬೇಡ. ನೀತಿಯ ಮಾತು ಹಾಗಿರಲಿ, ಅದು ನಿಮಗೆ ಇನ್ನೂ ಕಲಿಸದ ಸಬ್ಜಂಕ್ಟಿವ್ (ಆಸೆ, ಅನುಮಾನ ಸೂಚಿಸುವ ಕ್ರಿಯಾಪದ) ರೂಪಗಳನ್ನು ತಂದು ಹಾಕುತ್ತದೆ, ಶಿಕ್ಷಕರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ಒಂದೊಂದು ಪದಕ್ಕೆ ವರ್ಡ್‌ರೆಫರೆನ್ಸ್ ಎಂಬ ಆನ್‌ಲೈನ್ ನಿಘಂಟು ಸಾಕು, ಉದಾಹರಣೆ ವಾಕ್ಯಗಳನ್ನೂ ಓದಿ.

ಮೌಖಿಕ ಪರೀಕ್ಷೆಗೆ ಉತ್ತರಗಳನ್ನು ಉರುಹೊಡೆಯುವ ಬದಲು ಪ್ರಶ್ನೆ ಉತ್ತರದ ಜೋಡಿಗಳನ್ನು ಜೋರಾಗಿ ಹೇಳಿಕೊಳ್ಳಿ. ಕನ್ನಡದಲ್ಲಿ 'ನೀನು ಏನು ಮಾಡಿದೆ?', 'ನಾನು ಊಟ ಮಾಡಿದೆ', ಎರಡೂ 'ಮಾಡಿದೆ'. ಸ್ಪ್ಯಾನಿಷಿನಲ್ಲಿ ಕೇಳುವಾಗ ಇಸೀಸ್ತೆ, ಹೇಳುವಾಗ ಈಸೆ. ಗಾಬರಿಯಲ್ಲಿ ಕೇಳಿದ ರೂಪವನ್ನೇ ವಾಪಸ್ ಹೇಳಿಬಿಡುವುದು ತುಂಬ ಸಾಮಾನ್ಯ. ಕೊಮೀಸ್ತೆ ಕೊಮೀ, ಫ್ವೀಸ್ತೆ ಫುಯಿ, ತುಬೀಸ್ತೆ ತೂಬೆ, ಹೀಗೆ ಹದಿನೈದು ಕ್ರಿಯಾಪದಗಳನ್ನು ಇಬ್ಬರು ಕೂತು ಅದಲುಬದಲು ಕೇಳಿಕೊಂಡು ಅಭ್ಯಾಸ ಮಾಡಿ. ಜೊತೆಗೆ ಯಾರೂ ಸಿಗದಿದ್ದರೆ ಪ್ರಶ್ನೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಪ್ರತಿ ಪ್ರಶ್ನೆಯ ನಂತರ ಐದು ಸೆಕೆಂಡ್ ಖಾಲಿ ಬಿಡಿ, ಆ ಐದು ಸೆಕೆಂಡಿನೊಳಗೆ ಉತ್ತರಿಸಿ.