ನೀಲಂ ಸಂಜೀವ ರೆಡ್ಡಿ 1969ರಲ್ಲಿ ಸೋತದ್ದೇಕೆ?

ನಾಮಪತ್ರಕ್ಕೆ ಇಂದಿರಾ ಗಾಂಧಿಯವರೇ ಸಹಿ ಹಾಕಿದ್ದರೂ 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ರೆಡ್ಡಿ ಸೋತದ್ದು ಹೇಗೆ ಎಂದು ಕೇಳಿದ್ದೀರಿ. ಆ ಸಹಿ ಮನಸಾರೆ ಹಾಕಿದ್ದಲ್ಲ. ಬೆಂಗಳೂರಿನ ಸಭೆಯಲ್ಲಿ ಕಾಂಗ್ರೆಸ್‌ನ ಹಿರಿಯ ನಾಯಕರ ಗುಂಪಾದ ಸಿಂಡಿಕೇಟ್ ಬಣ ಇಂದಿರಾ ಅವರ ಮಾತನ್ನು ಮೀರಿ ರೆಡ್ಡಿಯವರನ್ನು ಪಕ್ಷದ ಅಭ್ಯರ್ಥಿಯಾಗಿ ಆರಿಸಿತ್ತು. ಆಮೇಲೆ ಪಕ್ಷದ ಅಧ್ಯಕ್ಷ ನಿಜಲಿಂಗಪ್ಪನವರು ಎರಡನೇ ಪ್ರಾಶಸ್ತ್ಯದ ಮತಗಳಿಗಾಗಿ (ಮತದಾರ ತನ್ನ ಎರಡನೇ ಆಯ್ಕೆಯಾಗಿ ಗುರುತಿಸುವ ಮತ) ಜನಸಂಘ, ಸ್ವತಂತ್ರ ಪಕ್ಷಗಳ ಬಾಗಿಲು ತಟ್ಟಿದರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ದೊಡ್ಡ ತಪ್ಪು ನಡೆದದ್ದು ಅಲ್ಲೇ. ಇಂದಿರಾ ಬಣಕ್ಕೆ ಅದೇ ಅಸ್ತ್ರವಾಯಿತು, ಪಕ್ಷದ ಆಣತಿ ಬಿಟ್ಟು ಮನಸ್ಸು ಒಪ್ಪಿದವರಿಗೆ ಮತ ಹಾಕಿ ಎಂಬ ‘ಆತ್ಮಸಾಕ್ಷಿಯ ಮತ’ದ ಕರೆ ಹೊರಟಿತು. ಮತದಾನವಂತೂ ಗುಪ್ತ. ಎಡಪಕ್ಷಗಳು, ಡಿಎಂಕೆ ಪಕ್ಷೇತರ ಅಭ್ಯರ್ಥಿ ವಿ.ವಿ. ಗಿರಿಯವರ ಬೆನ್ನಿಗಿದ್ದವು. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548. ಜನಸಂಘ, ಸ್ವತಂತ್ರ ಪಕ್ಷಗಳು ಬೆಂಬಲಿಸಿದ್ದ ಮೂರನೇ ಅಭ್ಯರ್ಥಿ ಸಿ.ಡಿ. ದೇಶಮುಖರ ಮತಪತ್ರಗಳ ಎರಡನೇ ಪ್ರಾಶಸ್ತ್ಯದಲ್ಲಿ ರೆಡ್ಡಿ ಬಹುಪಾಲು ಬಾಚಿಕೊಂಡರೂ 4,05,427ಕ್ಕೆ ನಿಂತರು. ಗಿರಿ 4,20,077 ಮುಟ್ಟಿದ್ದರು.